ತಂಗಿಯ ಮಗನ ಕಂಪ್ಯೂಟರ್ ಕಾವಲು

ನನ್ನ ತಂಗಿಯ ಮಗನಷ್ಟು ಓದಿಕೊಂಡ ದಡ್ಡ ಇಡೀ ಚಂದ್ರಾ ಲೇಔಟಿನಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ತೋರಿಸಿ, ಕಾಫಿ ಕೊಡಿಸುತ್ತೇನೆ! ನನಗೋ ಬಸ್ಸಿನ ಬೋರ್ಡು ಓದುವಷ್ಟು ಮಾತ್ರ ಅಕ್ಷರ ಬರುತ್ತದೆ. ಆದರೂ ಹೇಳುತ್ತೇನೆ.

ಇವನು ಇರುವುದು ನನ್ನ ಮನೆಯಲ್ಲೇ. ಲಗ್ಗೆರೆಯ ಒಂದು ಮಸಾಲೆಪುಡಿ ಕಂಪನಿಯಲ್ಲಿ ಕಂಪ್ಯೂಟರ್, ನೆಟ್ಟು, ವೈರು ಯಾವುದೂ ನಿಂತುಹೋಗದಂತೆ ಕಾಯುವ ಕೆಲಸ. ಇಂಜಿನಿಯರ್ ಅಂತೆ! ಸಂಜೆ ಅವನು ಬಾಗಿಲಲ್ಲಿ ನಿಂತರೆ ಸಾರಿನಪುಡಿಯ ಘಾಟಿಗೆ ನಾನು ಒಲೆಯ ಮುಂದೆ ಸೀನುತ್ತೇನೆ.

"ಒಂದು ಕೆಟ್ರೆ ಇನ್ನೊಂದು ರೆಡಿ ಇರ್ಬೇಕು ದೊಡ್ಡಮ್ಮ" ಎನ್ನುವುದು ಅವನ ವೇದಾಂತ. ಮನೆಯಲ್ಲಿ ಎರಡು ಪೊರಕೆ, ಎರಡು ಲಟ್ಟಣಿಗೆ. ಹೋಗಲಿ. ಕೆಂಗೇರಿಗೆ ಹೆಣ್ಣು ನೋಡಲು ಹೋದಾಗ ಈ ಮಹಾಶಯ ಏನು ಕೇಳಿದ ಗೊತ್ತೇ?

"ಹುಡುಗಿಗೆ ತಂಗಿ ಇದ್ದಾಳಾ?"

ಉಪ್ಪಿಟ್ಟು ತಟ್ಟೆಗೆ ಬೀಳುವ ಮೊದಲೇ ನಾವು ಬೀದಿಗೆ ಬಿದ್ದಿದ್ದೆವು!

ಕಂಪನಿ ಮಾತ್ರ ಬೆಳೆಯಿತು. ಬ್ಯಾಡರಹಳ್ಳಿಯಲ್ಲಿ ಇನ್ನೊಂದು ಆಫೀಸು. ಆಯುಧಪೂಜೆಯ ದಿನ ಅಲ್ಲಿ ಬಿಲ್ಲಿಂಗ್ ಸುಸೂತ್ರವಾಗಿ ಶುರುವಾದರೆ ಇವನ ಕೆಲಸ ಖಾಯಂ ಎಂದಿದ್ದ ಯಜಮಾನ. ಖಾಯಂ ಆಗದ ಗಂಡಿಗೆ ಹೆಣ್ಣು ಯಾರು ಕೊಡುತ್ತಾರೆ? ಅದಕ್ಕೇ ನಾನೂ ರೇಷ್ಮೆ ಸೀರೆಯುಟ್ಟು ಹೋದೆ.

ಕಂಪ್ಯೂಟರುಗಳಿಗೆಲ್ಲ ಕುಂಕುಮ, ಚೆಂಡುಹೂವು. ಯಜಮಾನನ ತಾಯಿ ನನಗಿಂತ ಹಿರಿಯಳು. ಎಲ್ಲವನ್ನೂ ನಡೆಸುವ ದೊಡ್ಡ ಮೆಷಿನ್ನಿನ ಮುಂದೆ ನಿಂತು, ಭಕ್ತಿ ಉಕ್ಕಿ, ಕಲಶದ ನೀರನ್ನು ಧಾರಾಳವಾಗಿ ಪ್ರೋಕ್ಷಣೆ ಮಾಡಿಬಿಟ್ಟಳು. ಚಿಟ್ ಎಂದಿತು. ಪರದೆಗಳೆಲ್ಲ ಕಪ್ಪು! ಇವನ ಎರಡನೆಯ ಮೆಷಿನ್ ಇತ್ತು ತಾನೆ? ಇತ್ತು, ಪಕ್ಕದಲ್ಲೇ. ಆಯಮ್ಮ ಅದಕ್ಕೂ ಭೇದ ಮಾಡಿರಲಿಲ್ಲ!

"ಯಾವನೋ ಇದು ಮಾಡಿದ್ದು?" ಎಂದು ಯಜಮಾನ ಆಚೆಯಿಂದ ಕೂಗುತ್ತಾ ಬಂದ. ಆಯಮ್ಮ ಖಾಲಿ ಕಲಶವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ನಮ್ಮವನು ಒದ್ದೆ ಮೆಷಿನ್ನಿಗೆ ಬೆನ್ನು ಅಡ್ಡ ಕೊಟ್ಟು ನಿಂತ.

"ನಾನೇ ಸಾರ್. ಕನೆಕ್ಷನ್ ಸರಿಯಾಗಿ ಕೊಟ್ಟಿರ್ಲಿಲ್ಲ."

"ಹಂಗಾದ್ರೆ ಖಾಯಂ ಮಾತು ಮರ್ತ್‌ಬಿಡು!"

ವಾಪಸು ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿತು; ಅವನು ಪಕ್ಕದಲ್ಲಿ ನಿಂತಿದ್ದ.

"ನಿಜ ಹೇಳೋಕೆ ನಿಂಗೇನು ಬಾಯಿ ಬಿದ್ದೋಗಿತ್ತೇನೋ, ಮುಠ್ಠಾಳ?"

"ಅಷ್ಟು ಜನರ ಮುಂದೆ ಆ ಅಜ್ಜಿನ ಬೈತಿದ್ರು ದೊಡ್ಡಮ್ಮ."

ಪಕ್ಕದವಳು ಇಳಿದದ್ದೇ ಅವನ ತೋಳು ಹಿಡಿದೆಳೆದು ಕೂರಿಸಿದೆ.

"ಅಜ್ಜಿ, ಅದು ಲೇಡೀಸ್ ಸೀಟು" ಎಂದ ಕಂಡಕ್ಟರ್.

"ಗೊತ್ತು ಕಣಪ್ಪ. ನನ್ನ ಮಗ ಇವ್ನು. ಇಲ್ಲೇ ಕೂತ್ಕೋತಾನೆ."