ಅಂಗಿಯ ಮೇಲೆ ಸಿಡಿದ ನಕ್ಷತ್ರ

ಸಭೆಯಲ್ಲಿ ನಿದ್ದೆ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಭಾಷಣದ ನಡುವೆ ನನಗೇ ಆಕಳಿಕೆ ಬಂದದ್ದುಂಟು. ಆದರೂ ನಿವೃತ್ತ ವಿಜ್ಞಾನ ಮಾಷ್ಟ್ರಿಗೆ ಮೈಕು ಕಂಡರೆ ಬಾಯಿ ತುರಿಸುತ್ತದೆ. ಹಾಗಾಗಿ ಸಿಡಿಯುವ ನಕ್ಷತ್ರಗಳ ಬಗ್ಗೆ ಮಾತಾಡಲು ಬೀಜಾಡಿಯ ಯುವಕ ಸಂಘದವರು ಕರೆದಾಗ ಕುಣಿದುಬಿಟ್ಟೆ. ಅವರ ಕಾರ್ಯದರ್ಶಿ ಮಾತ್ರ ಮುಲಾಜಿಲ್ಲದೆ ಹೇಳಿದ: "ಮಾಷ್ಟ್ರೇ, ಹೋದ್ಸಲ ಚಾ ಕುಡುಕೆ ಎದ್ದ ಜನ ತಿರ್ಗಿ ಬರ್ಲೇ ಇಲ್ಲ. ಈ ಸಲವೂ ಹಂಗೇ ಆರೆ ಇನ್ ಮೇಲೆ ಭಜನಿ ಇಡುದೇ ಸೈ."

ಭಜನೆಯ ಎದುರು ಸೋಲಲು ನನಗೆ ಮನಸ್ಸಿರಲಿಲ್ಲ. ಸಭೆಯ ದಿನ ಬೆಳಿಗ್ಗೆ ಹೆಂಡತಿ ಗಿರಿಜೆಯನ್ನೇ ಶ್ರೋತೃವಾಗಿ ಹಿಡಿದೆ. ಅವಳು ಬಚ್ಚಲೊಲೆಗೆ ತೆಂಗಿನ ಮಡಲು ತುರುಕುತ್ತಿದ್ದಳು. ಮಳೆಗಾಲವಾದ್ದರಿಂದ ಸಂಜೆ ಹಾಕಬೇಕಾದ ನನ್ನ ಬಿಳಿ ಅಂಗಿ ಒಲೆಯ ಎದುರು ಹಗ್ಗದಲ್ಲಿ ಒಣಗುತ್ತಿತ್ತು. "ದೊಡ್ಡ ನಕ್ಷತ್ರದ ಉರುವಲು ಮುಗಿದರೆ ನಡುಭಾಗ ಕುಸಿಯುತ್ತದೆ, ಹೊರಗಿನದೆಲ್ಲ ಸಿಡಿದು ಹೋಗುತ್ತದೆ" ಎಂದು ಶುರು ಮಾಡಿದೆ. "ಆಯ್ತ್ ಅಕ್ಕಲೆ, ಆ ಹಲ್ಸಿನ್ ಬೀಜ ಕೆಂಡಕ್ ಹಾಕಿ" ಎಂದು ಅವಳು ಒಳಗೆ ಹೋದಳು.

ಸುಡುವ ಮುಂಚೆ ಹಲಸಿನ ಬೀಜದ ತುದಿ ಕತ್ತರಿಸಬೇಕು. ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ವಿಷಯ. ನನ್ನ ತಲೆ ಆಗ ಆಕಾಶದಲ್ಲಿತ್ತು. ಇಡಿಯಿಡೀ ಬೀಜಗಳನ್ನೇ ಬೂದಿಯಲ್ಲಿ ಹೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಢಮ್! ಮತ್ತೆ ಢಮ್! ಬೂದಿ, ಮಸಿ, ಬೀಜದ ಚೂರು ಎಲ್ಲವೂ ಹೊರಗೆ ಹಾರಿ ಅಂಗಿಯ ಮೇಲೆ ಕೂತವು. ನಾನು ಹಂಡೆಯ ಹಿಂದೆ ಕೂತೆ.

"ಹ್ವಾಯ್, ಎಂತ ಆಯ್ತ್?" ಎಂದು ಓಡಿ ಬಂದ ಗಿರಿಜೆ ನನಗೆ ಪೆಟ್ಟಾಗಿಲ್ಲ ಎಂದು ನೋಡಿಕೊಂಡ ಮೇಲೆಯೇ ಬೈಯಲು ಶುರು ಮಾಡಿದಳು. ಅಷ್ಟು ಪ್ರೀತಿ ಅವಳಿಗಿದೆ. "ನಕ್ಷತ್ರ ಸಿಡಿದ ಮೇಲೆ ಉಳಿಯುವ ಅವಶೇಷ ಹೀಗೇ ಚದುರಿರುತ್ತದೆ" ಎಂದು ಸಮಾಧಾನ ಹೇಳಹೋದೆ. "ಒಡ್ಸುದ್ ನೀವ್, ಗುಡ್ಸುದ್ ನಾನಾ?" ಎಂದು ಪೊರಕೆ ಕೈಗಿತ್ತಳು.

ಇನ್ನೊಂದು ಅಂಗಿ ಒದ್ದೆಯಿತ್ತು. ಬೇರೆ ದಾರಿಯಿಲ್ಲದೆ ಮಸಿಯ ಅಂಗಿಯಲ್ಲೇ ವೇದಿಕೆ ಹತ್ತಿದೆ. ಜನ ಮುಸಿಮುಸಿ ನಗುತ್ತಿದ್ದರು. ಹೋಗಲಿ ಅತ್ಲಾಗೆ ಎಂದು ನಡೆದದ್ದನ್ನೇ ಹೇಳಿಬಿಟ್ಟೆ. ಬೀಜ ಒಡೆಯುವುದು ಒಳಗಿನ ಆವಿಗೆ, ನಕ್ಷತ್ರದ ಕಥೆ ಬೇರೆ ಎಂದೂ ಹೇಳಿದೆ. ಆಮೇಲೆ ಎದೆಯ ಮೇಲಿನ ದೊಡ್ಡ ಕಲೆ ತೋರಿಸಿ, ಇಂಥ ಅವಶೇಷಗಳಿಂದಲೇ ಹೊಸ ನಕ್ಷತ್ರ ಹುಟ್ಟುತ್ತದೆ, ನಮ್ಮ ರಕ್ತದ ಕಬ್ಬಿಣವೂ ಹೀಗೆ ಸಿಡಿದ ನಕ್ಷತ್ರಗಳಿಂದ ಬಂದದ್ದೇ ಎಂದೆ. ಚಾ ಬಂತು; ಒಬ್ಬರೂ ಏಳಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಹತ್ತಿರ ಬಂದು ನನ್ನ ಅಂಗಿಯನ್ನು ಮುಟ್ಟಿಯೂ ನೋಡಿದರು. ಖುಷಿಯಿಂದ ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನವೇ ಉಪ್ಪುಂದದಿಂದ ಫೋನು: "ಮಾಷ್ಟ್ರೇ, ನಮ್ಮಲ್ಲಿಗೂ ಬರ್ಕ್. ಆ ಮಸಿ ಅಂಗಿ ಹಾಯ್ಕಂಡೇ ಬನ್ನಿ ಕಾಣಿ!" ಬೀಗುತ್ತಾ ಹಿತ್ತಿಲಿಗೆ ಓಡಿದೆ. ಗಿರಿಜೆ ಮಳೆ ಬಿಟ್ಟ ಹೊತ್ತು ನೋಡಿ ಅಂಗಿಯನ್ನು ಕಲ್ಲಿಗೆ ಬಡಿದು, ನೀಲಿ ಹಾಕಿ, ಹಗ್ಗಕ್ಕೆ ಹರಡಿದ್ದಳು. ಒಂದೇ ಒಂದು ಚುಕ್ಕಿ ಉಳಿದಿರಲಿಲ್ಲ. "ಎಷ್ಟ್ ಬೆಳಿ ಆಯ್ತ್ ಕಾಣಿ" ಎಂದಳು ಹೆಮ್ಮೆಯಿಂದ.

ಹಲಸಿನ ಬೀಜ ಇನ್ನೂ ಒಂದು ಬುಟ್ಟಿ ಇದೆ. ಗಿರಿಜೆ ಯಾವಾಗ ಪೇಟೆಗೆ ಹೋಗುತ್ತಾಳೆ ಎಂದು ಕಾಯುತ್ತಿದ್ದೇನೆ. ಪೊರಕೆ ಎಲ್ಲಿದೆಯೆಂದು ಮಾತ್ರ ಮೊದಲೇ ನೋಡಿಟ್ಟುಕೊಂಡಿದ್ದೇನೆ.