ವೃತ್ತ ಗುಂಡಿಯ ಉಪಯೋಗಗಳು

ಕಂಪ್ಯೂಟರ್ ಅಂದ್ರೆ ಕರೆಂಟಿನಲ್ಲಿ ನಡೆಯೋ ಯಂತ್ರ ಅಂತ ಹೊರಗಡೆ ಜನ ನಂಬಿಕೊಂಡಿದ್ದಾರೆ. ಸಂಜೆ ಕಾಲೇಜಿನಲ್ಲಿ ಅದು ಹಾಗಲ್ಲ. ಅಲ್ಲಿ ಕಂಪ್ಯೂಟರ್ ಅಂದ್ರೆ ರೆಕಾರ್ಡ್ ಪುಸ್ತಕದ ಎಡಗಡೆ, ಗೆರೆ ಇಲ್ಲದ ಪುಟದಲ್ಲಿ, ಚೂಪಾದ ಪೆನ್ಸಿಲ್ಲಿಂದ ಬಿಡಿಸೋ ಒಂದು ಚಿತ್ರ. ಅದನ್ನ ನಡೆಸೋ ವಿಧಾನವನ್ನ ಬಲಗಡೆ, ಗೆರೆ ಇರೋ ಪುಟದಲ್ಲಿ, ನೀಲಿ ಇಂಕಿನಲ್ಲಿ ಬರೀಬೇಕು. ಕಪ್ಪು ಇಂಕಿನಲ್ಲಿ ಬರೆದರೆ ಕಂಪ್ಯೂಟರ್ ಕೆಲಸ ಮಾಡಲ್ಲ.

ಈ ವಿಷಯ ಟಪಾಲಮ್ಮನಿಗೆ ನಲವತ್ತೆರಡು ವರ್ಷ ಆಗೋವರೆಗೂ ಗೊತ್ತಿರಲಿಲ್ಲ.

ಟಪಾಲಮ್ಮ ಒಂದು ದೊಡ್ಡ ಆಫೀಸಿನಲ್ಲಿ ಟಪಾಲು ನೋಡಿಕೊಳ್ಳೋ ಗುಮಾಸ್ತೆ. ಬಂದ ಕಾಗದಕ್ಕೊಂದು ನಂಬರ್, ಹೋಗೋ ಕಾಗದಕ್ಕೊಂದು ನಂಬರ್. ನಂಬರ್ ಹೊಡೆಯೋ ಸೀಲನ್ನ ಅವಳು ಕೈಚೀಲದಲ್ಲೇ ಇಟ್ಟುಕೊಂಡಿರ್ತಿದ್ದಳು, ಯಾಕಂದ್ರೆ ಆಫೀಸಿನಲ್ಲಿ ಬಿಟ್ಟರೆ ಸೂಪರಿಂಟೆಂಡೆಂಟ್ ಸಾಹೇಬರು ಅದರಲ್ಲಿ ಬಾದಾಮಿ ಒಡೀತಿದ್ದರು. ಹನ್ನೊಂದು ವರ್ಷದಿಂದ ಅವಳದು ತಾತ್ಕಾಲಿಕ ಹುದ್ದೆ. ಆಫೀಸಿನ ಪತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಮಾಡ್ತಿದ್ದಿದ್ದೂ ಅವಳೇ. ಅದು ಅವಳ ಕೆಲಸ ಅಲ್ಲ, ಆದರೆ ಯಾರ ಕೆಲಸ ಅಂತ ಹೇಳೋ ಫೈಲು ಸಿಕ್ಕಿರಲಿಲ್ಲ.

ಒಂದು ದಿನ ಸಾಹೇಬರು ಕೈಬರಹದ ಚೀಟಿಯೊಂದನ್ನ ಅವಳ ಮೇಜಿನ ಮೇಲಿಟ್ಟು ಟೈಪ್ ಮಾಡು ಅಂದರು. ಅದರಲ್ಲಿ ಹೀಗಿತ್ತು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಂಪ್ಯೂಟರ್ ಜ್ಞಾನವಿಲ್ಲದ ತಾತ್ಕಾಲಿಕ ಸಿಬ್ಬಂದಿಯು 'ಕಚೇರಿ ತಂತ್ರಾಂಶ ಪರಿಚಯ' ಕೋರ್ಸಿನಲ್ಲಿ ಉತ್ತೀರ್ಣರಾದ ಪ್ರಮಾಣಪತ್ರವನ್ನು ವರ್ಷಾಂತ್ಯದೊಳಗೆ ಹಾಜರುಪಡಿಸತಕ್ಕದ್ದು. ಹಾಜರುಪಡಿಸಿದವರನ್ನು ಖಾಯಂಗೊಳಿಸಲಾಗುವುದು. ಉಳಿದವರನ್ನು ಸೇವೆಯಿಂದ ಬಿಡುಗಡೆಗೊಳಿಸಲಾಗುವುದು."

ಟಪಾಲಮ್ಮ ಅದನ್ನ ಟೈಪ್ ಮಾಡಿದಳು. ಎರಡು ತಪ್ಪು ತಿದ್ದಿದಳು. ಪ್ರಿಂಟ್ ತೆಗೆದು, ಸಹಿ ಮಾಡಿಸಿ, ನಂಬರ್ ಹೊಡೆದು, ಕವರಿಗೆ ಹಾಕಿ, ಮೇಲೆ ತನ್ನ ಹೆಸರು ಬರೆದಳು. ಆಮೇಲೆ ಮೇಜಿನ ಆಚೆ ಬದಿಗೆ ಹೋಗಿ, ಅದನ್ನ ಸ್ವೀಕರಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿದಳು.

"ಸರ್, ಇದನ್ನ ಟೈಪ್ ಮಾಡಿದ್ದೇ ನಾನಲ್ವಾ?" ಅಂತ ಮೆಲ್ಲಗೆ ಕೇಳಿದಳು.

"ಅದಕ್ಕೆ ಸಾಕ್ಷಿ ಏನಮ್ಮಾ?"

"ನೀವೇ ಎದುರಿಗೆ ಕೂತಿದ್ರಿ, ಸರ್."

"ನಾನು ಊಟ ಮಾಡ್ತಿದ್ದೆ," ಅಂದರು ಸಾಹೇಬರು.

ಮನೆಯಲ್ಲಿ ಅವಳೂ ಹತ್ತನೇ ಕ್ಲಾಸಿನ ಮಗಳೂ ಇಬ್ಬರೇ. ಆ ಕೆಲಸ ಹೋದರೆ ಹಿಂದೆ ಮುಂದೆ ಯಾರೂ ಇಲ್ಲ. ಹಾಗಾಗಿ ಮರುದಿನವೇ ಟಪಾಲಮ್ಮ ಸಂಜೆ ಕಾಲೇಜಿನ ಮೆಟ್ಟಿಲು ಹತ್ತಿದಳು.

ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರ್ ಇದ್ದವು. ಎಲ್ಲಕ್ಕೂ ನೀಲಿ ಬಟ್ಟೆಯ ಗೌಸು, ಗೌಸಿಗೆ ಎಲಾಸ್ಟಿಕ್ಕು. ಗೋಡೆ ಮೇಲೆ ನಿಯಮಗಳ ಬೋರ್ಡು. ನಾಲ್ಕನೇ ನಿಯಮ: ರೆಕಾರ್ಡ್ ಪೂರ್ಣಗೊಳಿಸದ ವಿದ್ಯಾರ್ಥಿಗಳು ಕಂಪ್ಯೂಟರ್ ಮುಟ್ಟತಕ್ಕದ್ದಲ್ಲ. ಐದನೇ ನಿಯಮ: ರೆಕಾರ್ಡ್ ಪೂರ್ಣಗೊಳಿಸಿದ ವಿದ್ಯಾರ್ಥಿಗಳು ಕಂಪ್ಯೂಟರ್ ಮುಟ್ಟುವ ಅಗತ್ಯವಿರುವುದಿಲ್ಲ.

ಪಾಠ ಮಾಡ್ತಿದ್ದವರಿಗೆ ಮಾರ್ಜಿನ್ ಮೇಷ್ಟ್ರು ಅಂತ ಹೆಸರು. ಶರ್ಟಿನ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕೇಲು ಇಟ್ಟುಕೊಂಡು, ಎಲ್ಲರ ಮಾರ್ಜಿನ್ ಅಳೀತಿದ್ದರು. ಮನುಷ್ಯ ಒಳ್ಳೆಯವರು. ಯಾರಿಗೂ ಬೈದವರಲ್ಲ, ಬರೀ ಅಳೀತಿದ್ದರು.

ಮೊದಲನೇ ಪ್ರಯೋಗ ಕಂಪ್ಯೂಟರ್ ಆನ್ ಮಾಡುವುದು. ಟಪಾಲಮ್ಮ ಸ್ವಿಚ್ಚಿನ ಚಿತ್ರ ಬಿಡಿಸಿದಳು. ಪಕ್ಕದಲ್ಲಿ ಕೂತಿದ್ದ ಲೈನ್‌ಮನ್ ಸ್ವಿಚ್ಚಿನ ಜೊತೆಗೆ ಫ್ಯೂಸು, ಮೀಟರು, ಕೊನೆಗೆ ಹೊರಗಿನ ಕಂಬವನ್ನೂ ಬಿಡಿಸಿದ. "ಇವಿಲ್ಲದೆ ಹೆಂಗಕ್ಕಾ ಆನ್ ಆಗುತ್ತೆ?" ಅಂದ. ಅವನಿಗೆ ಎರಡು ಮಾರ್ಕ್ಸ್ ಕಟ್ ಆಯಿತು, ಕಂಬ ಮಾರ್ಜಿನ್ ದಾಟಿತ್ತು.

ಎರಡನೇ ಪ್ರಯೋಗ ಮೌಸ್. ಮೇಷ್ಟ್ರು ಟಪಾಲಮ್ಮನ ಪುಟ ನೋಡಿದರು.

"ವೈರ್ ಎಲ್ಲಮ್ಮಾ?"

"ನಮ್ಮಾಫೀಸಲ್ಲಿ ಇರೋದಕ್ಕೆ ವೈರ್ ಇಲ್ಲ ಸರ್."

"ಆಫೀಸಿನ ಮೌಸ್ ಆಫೀಸಲ್ಲಿ ಓಡಾಡ್ಲಿ. ಸಿಲೆಬಸ್ಸಿನ ಮೌಸ್‌ಗೆ ವೈರ್ ಇದೆ."

ಟಪಾಲಮ್ಮ ವೈರ್ ಬಿಡಿಸಿದಳು. ಅವಳಿಗೆ ಬೇಕಾಗಿದ್ದು ಸಹಿ, ಮೌಸ್ ಅಲ್ಲ.

ಹೀಗೆ ಐದು ಪ್ರಯೋಗ ಸಲೀಸಾಗಿ ದಾಟಿದವು. ಆರನೇದು ಪತ್ರ ಬರೆಯುವ ಪರದೆ. ಇದನ್ನ ಮಾದರಿ ರೆಕಾರ್ಡ್ ನೋಡಿ ಬಿಡಿಸಬೇಕು. ಮಾದರಿ ರೆಕಾರ್ಡ್ ಹದಿನಾಲ್ಕು ವರ್ಷದ ಹಿಂದೆ ಫಸ್ಟ್ ಬಂದ ಒಬ್ಬ ಹುಡುಗಿಯದು. ಅದಕ್ಕೆ ಪ್ರಾಂಶುಪಾಲರ ಸಹಿ, ಮೊಹರು ಎರಡೂ ಇದ್ದವು. ಒಬ್ಬೊಬ್ಬರಿಗೆ ಒಂದೊಂದು ದಿನ ಮನೆಗೆ ಕೊಡ್ತಿದ್ದರು.

ಆ ಪುಟದ ಬಲಗಡೆ ಮೇಲ್ಮೂಲೆಯಲ್ಲಿ ಕಂದು ಬಣ್ಣದ ಒಂದು ವೃತ್ತ ಇತ್ತು. ಎಡಗಡೆ ಕೆಳಗೆ ಒಂದಿಷ್ಟು ಜಾಗದಲ್ಲಿ ಗೆರೆ ಕೂಡಿರಲಿಲ್ಲ, ಬಾಯಿ ಬಿಟ್ಟಂಗಿತ್ತು. ಮೇಷ್ಟ್ರು ಕೊಟ್ಟ ನೋಟ್ಸಿನಲ್ಲಿ ಅದರ ಬಗ್ಗೆ ಒಂದು ಪ್ಯಾರಾ: "ವೃತ್ತ ಗುಂಡಿ. ಪತ್ರ ಮುಗಿದ ಮೇಲೆ ಇದನ್ನು ಒತ್ತತಕ್ಕದ್ದು. ಒತ್ತಿದಾಗ ಕಂಪ್ಯೂಟರ್ ಐದು ನಿಮಿಷ ಯೋಚಿಸುತ್ತದೆ. ಅಲ್ಲಿಯವರೆಗೆ ಕಾಯುವುದು."

ಹನ್ನೊಂದು ವರ್ಷ ಪತ್ರ ಟೈಪ್ ಮಾಡಿದ್ದ ಟಪಾಲಮ್ಮ ಇಂಥ ಗುಂಡಿ ಕಂಡಿರಲಿಲ್ಲ. ತನ್ನ ಕಂಪ್ಯೂಟರು ಇಷ್ಟು ವರ್ಷ ಯೋಚನೆ ಮಾಡದೇ ಪತ್ರ ಕಳಿಸ್ತಾ ಇತ್ತೇನೋ ಅಂತ ಅವಳಿಗೆ ಭಯವಾಯಿತು.

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಮಾದರಿ ರೆಕಾರ್ಡ್ ಇಟ್ಟುಕೊಂಡು ಕೈವಾರ ತಿರುಗಿಸ್ತಾ ಇದ್ದಾಗ, ಮಗಳು ಜಡೆ ಹೆಣೆದುಕೊಳ್ತಾ ಬಗ್ಗಿ ನೋಡಿದಳು.

"ಅಮ್ಮಾ, ಇದು ಟೀ ಲೋಟ ಇಟ್ಟ ಗುರುತು ಕಣೇ."

"ಸುಮ್ನಿರೇ. ಐದು ಮಾರ್ಕ್ಸಿಂದು."

"ಮೂಸಿ ನೋಡು."

ಟಪಾಲಮ್ಮ ಮೂಸಿ ನೋಡಿದಳು. ಹದಿನಾಲ್ಕು ವರ್ಷ ಆಗಿದ್ದರಿಂದ ವಾಸನೆ ಏನೂ ಇರಲಿಲ್ಲ. ಆದರೆ ಅನುಮಾನ ಹೊಕ್ಕುಬಿಟ್ಟಿತು.

ಆ ಸಂಜೆ ಅವಳು ವೃತ್ತ ಇಲ್ಲದ ಚಿತ್ರ ತೋರಿಸಿದಳು. ಮೇಷ್ಟ್ರು ಸಹಿ ಮಾಡಲಿಲ್ಲ. ಅನುಮಾನ ಇದ್ದರೆ ಲಿಖಿತವಾಗಿ ಕೊಡಿ ಅಂದರು. ಎಲ್ಲರಿಗೂ ಹಾಗೇ ಅಂತಿದ್ದರು, ಯಾರೂ ಕೊಟ್ಟಿರಲಿಲ್ಲ. ಟಪಾಲಮ್ಮ ಕೂತಲ್ಲೇ ಒಂದು ಹಾಳೆಯಲ್ಲಿ ಬರೆದಳು: "ವೃತ್ತ ಗುಂಡಿಯು ಲೋಟದ ಗುರುತಾಗಿರಬಹುದೇ ಎಂದು ತಿಳಿಸಬೇಕಾಗಿ ವಿನಂತಿ. ಲಗತ್ತು: ನನ್ನ ರೆಕಾರ್ಡಿನ ಆರನೇ ಪ್ರಯೋಗ." ಬರೆದ ಮೇಲೆ ಕೈ ತನ್ನ ಪಾಡಿಗೆ ಚೀಲಕ್ಕೆ ಹೋಯಿತು. ಅರ್ಜಿಗೊಂದು, ಲಗತ್ತಿಗೊಂದು, ಠಪ್ ಠಪ್ ಅಂತ ನಂಬರ್ ಹೊಡೆದಳು. 418.

ಮೇಷ್ಟ್ರು ಕೈಯಲ್ಲಿದ್ದ ಸ್ಕೇಲನ್ನ ಜೇಬಿಗಿಟ್ಟರು.

"ನಂಬರ್ ಯಾಕಮ್ಮಾ ಹೊಡೆದೆ?"

"ಅಭ್ಯಾಸ, ಸರ್."

ನಂಬರ್ ಇಲ್ಲದ ಕಾಗದವನ್ನ ಮಡಚಿ ಜೇಬಿಗೆ ಹಾಕಿಕೊಳ್ಳಬಹುದು. ನಂಬರ್ ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕು. ಮೇಷ್ಟ್ರು ಅವಳನ್ನ ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಮೇಜಿನ ಮೇಲೆ ಅವರ ಟೀ ಲೋಟ ಇತ್ತು, ದಪ್ಪ ಗಾಜಿನದು. ಅದನ್ನ ಎತ್ತಿ ಒಂದು ಗುಟುಕು ಕುಡಿದರು.

ಮೇಜಿನ ಮೇಲೆ ಕಂದು ಬಣ್ಣದ ವೃತ್ತ ಉಳಿಯಿತು. ಎಡಗಡೆ ಕೆಳಗೆ, ಲೋಟದ ತಳ ಚಕ್ಕೆ ಎದ್ದಿದ್ದ ಕಡೆ, ಬಾಯಿ ಬಿಟ್ಟಿತ್ತು.

ಇಬ್ಬರೂ ಅದನ್ನ ನೋಡಿದರು. ಮೇಷ್ಟ್ರು ಜೇಬಿಂದ ಕರ್ಚೀಫ್ ತೆಗೆದು ಒರೆಸಿದರು.

"ನೋಡಮ್ಮಾ," ಅಂದರು. "ಹದಿನಾಲ್ಕು ವರ್ಷ. ಸಾವಿರದ ಇನ್ನೂರು ಜನ ಈ ಗುಂಡಿ ಬಿಡಿಸಿ ಪಾಸಾಗಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಕೆಲಸ ಇದೆ, ಮನೆ ಇದೆ. ಈಗ ಅವರನ್ನೆಲ್ಲ ಕರೆದು ಫೇಲು ಅಂತ ಹೇಳ್ಲಾ?"

"ಬೇಡ, ಸರ್."

"ಮತ್ತೆ ಅರ್ಜಿ ವಾಪಸ್ ತಗೋ."

"ನಂಬರ್ ಬಿದ್ದುಬಿಟ್ಟಿದೆಯಲ್ಲ, ಸರ್," ಅಂದಳು ಟಪಾಲಮ್ಮ.

ಅರ್ಜಿ ಪ್ರಾಂಶುಪಾಲರಿಗೆ ಹೋಯಿತು. ಅದು ಇತ್ಯರ್ಥ ಆಗೋವರೆಗೆ ಅರ್ಜಿದಾರಳ ಪರೀಕ್ಷೆಯನ್ನು ತಡೆಹಿಡಿಯಲಾಗಿದೆ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿದರು. ವರ್ಷ ಮುಗಿಯೋಕೆ ಐದು ವಾರ ಇತ್ತು. ಆಫೀಸಿನಲ್ಲಿ, ನಿನ್ನ ಬಿಡುಗಡೆಯ ಆದೇಶವನ್ನ ಈಗಲೇ ಟೈಪ್ ಮಾಡಿ ಇಟ್ಟುಬಿಡು, ಆಮೇಲೆ ಟೈಪ್ ಮಾಡೋರು ಇರಲ್ಲ ಅಂತ ಸಾಹೇಬರು ಹೇಳಿದರು. ಅವಳು ಟೈಪ್ ಮಾಡಿ, ತಾರೀಖಿನ ಜಾಗ ಖಾಲಿ ಬಿಟ್ಟಳು.

ಕಾಲೇಜಿನಲ್ಲಿ ಸಮಿತಿ ಆಯಿತು. ಪ್ರಾಂಶುಪಾಲರು ಅಧ್ಯಕ್ಷರು, ಲೈಬ್ರರಿಯನ್ ಸದಸ್ಯರು. ಆಟದ ಮೇಷ್ಟ್ರೂ ಇದ್ದರು, ಮೈದಾನದಲ್ಲಿ ಸುಣ್ಣದ ಪುಡಿಯಿಂದ ವೃತ್ತ ಹಾಕಿ ಅನುಭವ ಇರೋದು ಅವರೊಬ್ಬರಿಗೇ. ಸಮಿತಿ ಎದುರು ಹನ್ನೆರಡು ಕಂಪ್ಯೂಟರುಗಳ ಗೌಸು ತೆಗೆದರು. ಲ್ಯಾಬಿನ ಇತಿಹಾಸದಲ್ಲಿ ಇದೇ ಮೊದಲು. ಲೈನ್‌ಮನ್ ಬಂದು ಕರೆಂಟು ಕೊಟ್ಟ. ಎಲ್ಲರೂ ಕೈ ಕಟ್ಟಿಕೊಂಡು ಪರದೆಗಳನ್ನ ದಿಟ್ಟಿಸಿದರು. ಮೂರು ದಿನ ಬಿಟ್ಟು ವರದಿ ಬಂತು:

"ಹನ್ನೆರಡು ಕಂಪ್ಯೂಟರ್‌ಗಳ ಪೈಕಿ ಒಂದರಲ್ಲಿಯೂ ವೃತ್ತ ಗುಂಡಿ ಕಂಡುಬಂದಿರುವುದಿಲ್ಲ. ಮಾದರಿ ರೆಕಾರ್ಡ್ ಪ್ರಾಂಶುಪಾಲರ ಸಹಿ ಮತ್ತು ಮೊಹರು ಹೊಂದಿರುತ್ತದೆ. ಕಂಪ್ಯೂಟರ್‌ಗಳು ಯಾರ ಸಹಿಯನ್ನೂ ಹೊಂದಿರುವುದಿಲ್ಲ. ಆದ ಕಾರಣ ಕಂಪ್ಯೂಟರ್‌ಗಳು ದೋಷಪೂರಿತವೆಂದು ತೀರ್ಮಾನಿಸಲಾಗಿದೆ."

ಕಂಪ್ಯೂಟರ್ ಕೊಟ್ಟಿದ್ದ ಅಂಗಡಿಗೆ ನೋಟಿಸ್ ಹೋಯಿತು. ಅಂಗಡಿಯಿಂದ ಒಬ್ಬ ಮೆಕ್ಯಾನಿಕ್ ಬಂದ, ವಯಸ್ಸಾದವನು. ಮಾದರಿ ರೆಕಾರ್ಡನ್ನ ನೋಡಿದ, ಪರದೆ ನೋಡಿದ, ಮಾರ್ಜಿನ್ ಮೇಷ್ಟ್ರ ಮುಖ ನೋಡಿದ. ಇಂಥ ಕಾಲೇಜು ಅವನು ಬಹಳ ನೋಡಿರಬೇಕು. ಮರುದಿನ ಕಂದು ಬಣ್ಣದ ಹನ್ನೆರಡು ಸ್ಟಿಕ್ಕರ್ ತಂದು, ಮೇಷ್ಟ್ರ ಸ್ಕೇಲಿನಿಂದಲೇ ಅಳೆದು, ಪರದೆಗಳ ಬಲಗಡೆ ಮೇಲ್ಮೂಲೆಗೆ ಅಂಟಿಸಿದ. ಎಡಗಡೆ ಕೆಳಗೆ ಬಾಯಿ ಬಿಡಿಸೋದನ್ನೂ ಮರೆತಿರಲಿಲ್ಲ.

ಫೈಲು ಮುಚ್ಚೋಕೆ ಇನ್ನು ಅರ್ಜಿದಾರಳ ಸಹಿ ಒಂದೇ ಬಾಕಿ. "ವೃತ್ತ ಗುಂಡಿಯನ್ನು ಖುದ್ದಾಗಿ ನೋಡಿ ಖಚಿತಪಡಿಸಿಕೊಂಡಿರುತ್ತೇನೆ" ಅಂತ ಬರೆದಿತ್ತು. ಟಪಾಲಮ್ಮ ಪೆನ್ನು ಹಿಡಿದು ಪರದೆ ಮುಂದೆ ನಿಂತಳು. ಗುಂಡಿ ಇತ್ತು. ಇಲ್ಲ ಅಂತ ಹೇಳೋಕೆ ಈಗ ದಾರಿಯೇ ಇರಲಿಲ್ಲ.

"ಸಹಿ ಹಾಕಕ್ಕಾ," ಅಂದ ಲೈನ್‌ಮನ್, ಕಿವಿ ಹತ್ತಿರ ಬಂದು. "ಕಂಬಾನೇ ಇಲ್ಲ ಅಂತ ನಾನು ಒಪ್ಪಿಕೊಂಡಿಲ್ವಾ?"

ಅವಳು ಸಹಿ ಹಾಕಿದಳು. ನೀಲಿ ಇಂಕಿನಲ್ಲಿ. ಆರನೇ ಪ್ರಯೋಗದ ಪುಟದಲ್ಲಿ ವೃತ್ತ ಬಿಡಿಸಿದಳು, ಮೇಷ್ಟ್ರು ತಲೆ ಎತ್ತದೆ ಸಹಿ ಮಾಡಿಕೊಟ್ಟರು.

ಪರೀಕ್ಷೆ ದಿನ ಹೊರಗಿನಿಂದ ಪರೀಕ್ಷಕರು ಬಂದರು. ಗೌಸು ಹೇಗೂ ತೆಗೆದಾಗಿದೆ, ಈ ಸಲ ಕಂಪ್ಯೂಟರಿನಲ್ಲೇ ರಜೆ ಕೋರಿ ಒಂದು ಪತ್ರ ಬರೆದು ತೋರಿಸಿ ಅಂದರು. ಟಪಾಲಮ್ಮನ ಬೆರಳು ನಾಲಗೆಗಿಂತ ಚುರುಕು, ಎರಡು ನಿಮಿಷಕ್ಕೆ ಪತ್ರ ಮುಗಿಸಿ ಕೈ ಎತ್ತಿದಳು. ಪರೀಕ್ಷಕರಿಗೆ ಗಾಬರಿಯಾಯಿತು.

"ಇಷ್ಟು ಬೇಗ ಹೆಂಗಾಯ್ತು? ವೃತ್ತ ಗುಂಡಿ ಒತ್ತಿದ್ರಾ?"

ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಟಪಾಲಮ್ಮ ಕೈ ಚಾಚಿ ಸ್ಟಿಕ್ಕರನ್ನ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.

"ಈಗ?"

"ಈಗ ಅದು ಯೋಚನೆ ಮಾಡ್ತಿದೆ, ಸರ್. ಐದು ನಿಮಿಷ ಕಾಯಬೇಕು."

"ಸರಿಯಾಗಿ ಹೇಳಿದ್ರಿ," ಅಂದರು ಪರೀಕ್ಷಕರು. ಅವರೂ ಇದೇ ಕಾಲೇಜಿನಲ್ಲಿ ಓದಿದವರಂತೆ. ಐದು ನಿಮಿಷ ಎಲ್ಲರೂ ಟೀ ಕುಡಿದರು.

ವರ್ಷ ಮುಗಿಯೋಕೆ ಮೂರು ದಿನ ಇರುವಾಗ ಟಪಾಲಮ್ಮ ಪ್ರಮಾಣಪತ್ರ ತಂದು ತನ್ನ ಮೇಜಿನ ಮೇಲಿಟ್ಟು, ನಂಬರ್ ಹೊಡೆದು, ತನ್ನಿಂದಲೇ ಸ್ವೀಕರಿಸಿದಳು. ಖಾಯಂ ಆದ ಆದೇಶವನ್ನೂ ಅವಳೇ ಟೈಪ್ ಮಾಡಿದಳು. ಕಾಲೇಜಿನ ಗುಂಡಿ ವಿಷಯ ಕಿವಿಗೆ ಬಿದ್ದಿದ್ದ ಸಾಹೇಬರು ಸಹಿ ಮಾಡೋ ಮೊದಲು ಕೇಳಿದರು, "ಇದರಲ್ಲಿ ಆ ಗುಂಡಿ ಒತ್ತಿದ್ದೀಯಾ?" ಆಫೀಸಿನ ಕಂಪ್ಯೂಟರಿಗೂ ಒಂದು ಸ್ಟಿಕ್ಕರ್ ತರಿಸಿದರು. ಅವತ್ತಿಂದ ಪ್ರತಿ ಪತ್ರಕ್ಕೂ ಐದು ನಿಮಿಷ ಯೋಚನೆ. ದಿನಕ್ಕೆ ನಲವತ್ತು ಪತ್ರ ಹೋಗ್ತಿದ್ದ ಕಡೆ ಹನ್ನೆರಡು ಹೋಗೋಕೆ ಶುರುವಾಯಿತು. ಆಫೀಸಿನ ಕೆಲಸದಲ್ಲಿ ಗಂಭೀರತೆ ಬಂದಿದೆ ಅಂತ ಮೇಲಿನಿಂದ ಪ್ರಶಂಸೆ ಬಂತು. ಅದಕ್ಕೂ ಟಪಾಲಮ್ಮ ನಂಬರ್ ಹೊಡೆದಳು.

ಎರಡು ವರ್ಷ ಆದ ಮೇಲೆ ಮಗಳು ಅದೇ ಕಾಲೇಜು ಸೇರಿದಳು. ಅಡುಗೆಮನೆಯ ಮೇಜಿನ ಮೇಲೆ ರೆಕಾರ್ಡ್ ಬಿಚ್ಚಿಕೊಂಡು ಕೂತಳು. ಹಳೇ ಮಾದರಿ ಹರಿದುಹೋಗಿತ್ತು. ಸಮಿತಿಯೇ ಪರಿಶೀಲಿಸಿದ ರೆಕಾರ್ಡ್ ಇನ್ನೊಂದಿಲ್ಲ ಅಂತ ಟಪಾಲಮ್ಮನ ರೆಕಾರ್ಡಿಗೇ ಪ್ರಾಂಶುಪಾಲರು ಸಹಿ, ಮೊಹರು ಹಾಕಿ ಹೊಸ ಮಾದರಿ ಮಾಡಿದ್ದರು.

"ಅಮ್ಮಾ, ಇಲ್ಲಿ ಬಾ," ಅಂದಳು ಮಗಳು. "ಆರನೇ ಪ್ರಯೋಗದಲ್ಲಿ ವೃತ್ತ ಗುಂಡಿ ಕೆಳಗೆ ನಾನೂರ ಹದಿನೆಂಟು ಅಂತ ಇನ್ನೊಂದು ಗುಂಡಿ ಇದೆ. ಅದರ ಉಪಯೋಗ ಬರೀರಿ ಅಂತ ಐದು ಮಾರ್ಕ್ಸು. ಇದು ನಿನ್ನ ಸೀಲಲ್ವಾ?"

ಟಪಾಲಮ್ಮ ಒದ್ದೆ ಕೈ ಒರೆಸಿಕೊಂಡು ಬಂದು, ಕನ್ನಡಕ ಹಾಕಿಕೊಂಡು, ಮಗಳು ಬಿಡಿಸಿದ್ದ ಚಿತ್ರವನ್ನ ನೋಡಿದಳು.

"ಎಂಟು ಸ್ವಲ್ಪ ದಪ್ಪ ಆಯ್ತು," ಅಂದಳು. "ಅಳಿಸಿ ಬರಿ."