ಅತ್ತೆ ಹಲಸಿನ ಮರವನ್ನು ಹೆದರಿಸಿದ್ದು

ನಮ್ಮತ್ತೆ ಮನುಷ್ಯರನ್ನು ಬೈದದ್ದು ನಾನು ಕೇಳಿಲ್ಲ. ಬೈಯುವುದೇನಿದ್ದರೂ ಮರವನ್ನು! (ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ ಸ್ವಾಮಿ, ಅವರ ಬಗ್ಗೆ ಬರೆಯುವಷ್ಟು ಧೈರ್ಯ ನನಗೆಲ್ಲಿಂದ ಬರಬೇಕು? ಇವರು ನಮ್ಮಪ್ಪನ ಅಕ್ಕ.)

ಬೊಮ್ಮಸಂದ್ರದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅತ್ತೆಯ ಬಾಡಿಗೆ ರೂಮುಗಳು ಬೆಳೆದಿವೆ. ರೂಮುಗಳ ನಡುವಿನ ಅಂಗಳದಲ್ಲಿ ಒಂದು ಹಲಸಿನ ಮರ. ಇಬ್ಬರು ಕೈ ಜೋಡಿಸಿ ತಬ್ಬಬೇಕು, ಅಷ್ಟು ದಪ್ಪ. ನೆರಳು ಕೊಡುತ್ತದೆ, ಕಾಗೆಗಳಿಗೆ ಬಾಡಿಗೆಯಿಲ್ಲದ ಮನೆ ಕೊಡುತ್ತದೆ. ಕಾಯಿ ಮಾತ್ರ ಹುಟ್ಟಿದಾಗಿನಿಂದ ಒಂದೂ ಕೊಟ್ಟಿಲ್ಲ! ಹಾಗಾಗಿ ದಿನಾ ಬೆಳಿಗ್ಗೆ ಅತ್ತೆಯ ಸುಪ್ರಭಾತ.

"ಕುಡಿಯೋದು ನನ್ ಬೋರ್ ನೀರು, ಉದುರ್ಸೋದು ಬರೀ ಎಲೆ! ಸೋಂಬೇರಿ! ನಾಚ್ಕೆ ಆಗಕಿಲ್ವಾ ನಿಂಗೆ?"

ಹೊಸದಾಗಿ ಬಾಡಿಗೆಗೆ ಬಂದ ವಿಜಯಪುರದ ಹೆಣ್ಣುಮಗಳೊಬ್ಬಳು ಇದನ್ನು ಕೇಳಿ, ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ತನ್ನ ಗಂಡನಿಗೇ ಬೈಯುತ್ತಿದ್ದಾರೆ ಎಂದುಕೊಂಡು ಸೊಂಟ ಕಟ್ಟಿ ಹೊರಗೆ ಬಂದಳಂತೆ. "ನಮ್ಮ ಮನಿಯವ್ರು ಏನ್ ಮಾಡ್ಯಾರ್ರೀ ಅಮ್ಮಾರ?" ಮರಕ್ಕೆ ಬೈದದ್ದೆಂದು ಗೊತ್ತಾದ ಮೇಲೆ ಅವಳೂ ಎರಡು ಮಾತು ಸೇರಿಸಿದಳು.

ಬೈಗುಳ ದಿನದ್ದಾದರೆ ಬೆದರಿಕೆ ವರ್ಷದ್ದು. ಕಾಯಿ ಬಿಡದ ಮರವನ್ನು ಹೆದರಿಸುವ ಪದ್ಧತಿ ನಮ್ಮ ಕಡೆ ಹಳೆಯದು. ಒಬ್ಬರು ಮಚ್ಚೆತ್ತಿ "ಕಡಿದೇ ಬಿಡ್ತೀನಿ" ಎನ್ನಬೇಕು. ಇನ್ನೊಬ್ಬರು ಅಡ್ಡ ಬಂದು "ಬ್ಯಾಡ, ಬಿಟ್ಬುಡು, ಬರೋ ವರ್ಷ ಕಾಯಿ ಕೊಡ್ತದೆ" ಎಂದು ಬೇಡಬೇಕು. ಮರ ಹೆದರಿಕೊಂಡು ಕಾಯಿ ಬಿಡುತ್ತದಂತೆ. ಚಳಿಗಾಲದ ಒಂದು ಅಮಾವಾಸ್ಯೆಗೆ ನಮ್ಮಲ್ಲಿ ಈ ನಾಟಕ. ಮಚ್ಚಿನ ಪಾತ್ರ ಅತ್ತೆಯದು, ಬೇಡುವ ಪಾತ್ರ ಮಾವನದು. ಮಾವ ತೀರಿಕೊಂಡ ಮೇಲೆ ಆ ಪಾತ್ರಕ್ಕೆ ಸರಿಯಾದವರು ಸಿಗಲೇ ಇಲ್ಲ. ಒಂದು ವರ್ಷ ಬಿಹಾರದ ಬಾಡಿಗೆಯವನೊಬ್ಬ ಕಣ್ಣಲ್ಲಿ ನೀರು ತಂದುಕೊಂಡು ಬೇಡಿದ. ಅತ್ತೆ ಒಪ್ಪಲಿಲ್ಲ. "ಪಾಪ, ಚೆನ್ನಾಗೇ ಅಂದ. ಆದ್ರೆ ಮರಕ್ಕೆ ಇಂದಿ ಬರಾಕಿಲ್ವಲ್ಲ!"

ಆಮೇಲೆ ನನ್ನ ಸರದಿ. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ದಿನವಿಡೀ ಬೇಡಿಕೊಳ್ಳುವುದೇ ನನ್ನ ಕೆಲಸ, ಅನುಭವಕ್ಕೇನು ಕಮ್ಮಿ? ಆದರೂ ಅತ್ತೆ ಮಚ್ಚು ಇಳಿಸಿ ನನ್ನನ್ನೇ ದುರುಗುಟ್ಟಿ ನೋಡಿದರು. "ಏನ್ಲಾ ಇದು, ರಜೆ ಕೇಳ್ದಂಗೆ ಕೇಳ್ತೀಯ!"

ಇಷ್ಟರಲ್ಲಿ ಪಕ್ಕದ ಮನೆಯವರು, ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು, ಮರದ ಮೇಲೆ ಅರ್ಜಿ ಹಾಕಿಬಿಟ್ಟರು. ಬೇರು ಬಂದು ಕಾಂಪೌಂಡು ಬಿರುಕು ಬಿಟ್ಟಿದೆ, ಮರ ಅಪಾಯಕಾರಿ, ತೆಗೆಸಿ ಅಂತ. ನಿಮಗೆ ಗೊತ್ತಲ್ಲ, ನಮ್ಮ ಸೈಟು, ನಮ್ಮ ಮರ ಆದರೂ ನಮ್ಮಿಷ್ಟಕ್ಕೆ ಕಡಿಯುವಂತಿಲ್ಲ. ಮರಗಳಿಗೆಂದೇ ಒಬ್ಬ ಅಧಿಕಾರಿ ಇರುತ್ತಾರೆ. ಅವರು ಬಂದು ನೋಡಿ, ಹೂಂ ಅಂದರೆ ಮಾತ್ರ ಕೊಡಲಿ ಎತ್ತಬಹುದು. ಅವರು ಹೂಂ ಅಂದರೆ ಮರ ಹೋಯಿತು! ಸುದ್ದಿ ಕೇಳಿದ ಅತ್ತೆ ಊಟ ಬಿಟ್ಟರು.

"ಅಲ್ಲ ಅತ್ತೆ, ಕಡಿದುಬಿಡ್ತೀನಿ ಅಂತ ನೀವೇ ಅಂತೀರಲ್ಲ?"

"ನಾನ್ ಅನ್ನೋದು ಬ್ಯಾರೆ ಕಣ್ಲಾ! ಅವ್ರ್ಯಾರು ಅನ್ನಾಕೆ?"

ಅಧಿಕಾರಿ ಬಂದ ದಿನವೇ ಆ ಅಮಾವಾಸ್ಯೆ. ಇವತ್ತು ನಾಟಕ ಬೇಡವೆಂದರೂ ಅತ್ತೆ ಕೇಳಲಿಲ್ಲ. ಗೇಟು ತೆಗೆದು ಅಧಿಕಾರಿ ಒಳಗೆ ಕಾಲಿಡುತ್ತಾರೆ, ಹಿಂದೆ ಅರ್ಜಿ ಕೊಟ್ಟ ಪಕ್ಕದ ಮನೆಯವರು, ಎದುರಿಗೆ ನಮ್ಮತ್ತೆ ಸೆರಗು ಸಿಕ್ಕಿಸಿ ಮಚ್ಚೆತ್ತಿ ನಿಂತಿದ್ದಾರೆ!

"ಏಯ್, ನಿಲ್ಸಿ! ಕಡಿಯೋಕೆ ಪರ್ಮಿಷನ್ ಯಾರು ಕೊಟ್ಟಿದ್ದು?"

"ಕಡೀತಿಲ್ಲ ಸಾರ್, ಬರೀ ಎದರಿಸ್ತಾ ಇವ್ನಿ."

ಅಧಿಕಾರಿ ತಬ್ಬಿಬ್ಬಾದರು. ಕಡಿಯುವುದಕ್ಕೆ ನಿಯಮವಿದೆ, ಕೊಂಬೆ ಸವರುವುದಕ್ಕೂ ಇದೆ. ಹೆದರಿಸುವುದಕ್ಕೆ? "ಮೊದ್ಲು ಮಚ್ಚು ಕೆಳಗಿಡಿ ಅಮ್ಮ."

"ಇಡಾಕಾಗಲ್ಲ ಸಾರ್. ಎತ್ತಿದ ಮ್ಯಾಲೆ ಯಾರಾದ್ರೂ ಬಿಟ್ಬುಡು ಅನ್ಬೇಕು. ಅನ್ನದೇ ಇದ್ರೆ ಒಂದೇಟು ಆಕ್ಲೇಬೇಕು, ಇಲ್ದಿದ್ರೆ ಮರ ಇನ್ಮ್ಯಾಕೆ ನನ್ ಮಾತು ನಂಬಕಿಲ್ಲ."

ಈಗ ನೋಡಿ ಫಜೀತಿ! ಸರ್ಕಾರದ ನಿಯಮದ ಪ್ರಕಾರ ಹೊಡೆಯುವಂತಿಲ್ಲ, ಅತ್ತೆಯ ನಿಯಮದ ಪ್ರಕಾರ ಬಿಡುವಂತಿಲ್ಲ. ಬೇಡಬೇಕಾದ ನನಗೆ ಅಧಿಕಾರಿಯನ್ನು ಕಂಡು ನಾಲಿಗೆಯೇ ಹೊರಳಲಿಲ್ಲ. ಅಧಿಕಾರಿಯೇ ಗಂಟಲು ಸರಿಮಾಡಿಕೊಂಡು "ಆಯ್ತು, ಬಿಟ್ಬಿಡಿ" ಎಂದರು.

"ಬರೋ ವರ್ಷ ಕಾಯಿ ಕೊಡ್ತದೆ, ಅದನ್ನೂ ಅನ್ನಿ ಸಾರ್."

"ಅಂಥ ಭರವಸೆ ಎಲ್ಲಾ ಇಲಾಖೆ ಕಡೆಯಿಂದ ಕೊಡಕ್ಕಾಗಲ್ಲಮ್ಮ!"

ಅತ್ತೆಯ ಕೈ ಸೋಲುತ್ತಿತ್ತು. ಮಚ್ಚು ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಓಡಿಬಂದು ಮರಕ್ಕೆ ಅಡ್ಡ ನಿಂತರು. "ಬ್ಯಾಡ ಕಣಮ್ಮೋ, ಬಿಟ್ಬುಡು! ಬರೋ ವರ್ಷ ಕೊಡ್ತದೆ!" ಯಾರೆಂದುಕೊಂಡಿರಿ? ಅರ್ಜಿ ಹಾಕಿದ ಸೂಪರ್‌ವೈಸರ್ ಸಾಹೇಬರು! ಅವರಿಗೇ ಗಾಬರಿ. "ಏನೋ... ನಮ್ಮವ್ವ ಹುಣಸೆ ಮರಕ್ಕೆ ಹಿಂಗೇ ಮಾಡೋಳು. ಬಾಯಿಗೆ ಬಂದ್ಬಿಡ್ತು."

ಅಧಿಕಾರಿ ನಕ್ಕುಬಿಟ್ಟರು. "ಅರ್ಜಿದಾರರೇ ಬಿಟ್ಬುಡು ಅಂದಮೇಲೆ ನಾನೇನ್ ಕಡಿಸ್ಲಿ? ಕಾಂಪೌಂಡನ್ನ ಬೇರು ಬಿಟ್ಟು ಆ ಕಡೆಯಿಂದ ಕಟ್ಕೊಳ್ಳಿ." ವಿಜಯಪುರದವಳು ಎಲ್ಲರಿಗೂ ತಮ್ಮ ಕಡೆಯ ಎಳ್ಳಮಾವಾಸ್ಯೆ ಹಬ್ಬದ ಸಜ್ಜೆ ರೊಟ್ಟಿ ಕೊಟ್ಟಳು. ಊಟ ಬಿಟ್ಟಿದ್ದ ಅತ್ತೆಯೂ ತಿಂದರು.

ಸಂಜೆ ನಾನು ಕೇಳಿದೆ. "ಕಾಯಿ ಬಿಡದ ಮರಕ್ಕೆ ಇಷ್ಟೆಲ್ಲ ಯಾಕತ್ತೆ?"

ಅತ್ತೆ ಎಲೆ ಗುಡಿಸುತ್ತಲೇ ಹೇಳಿದರು. "ನಂಗೂ ಮಕ್ಳಾಗ್ಲಿಲ್ವಲ್ಲ ಮಗ. ನಮ್ಮತ್ತೆ ಇವ್ಳನ್ನ ತೌರಿಗೆ ಕಳ್ಸು, ಬ್ಯಾರೆ ಮದ್ವೆ ಆಗು ಅಂತ ವರ್ಷಾ ವರ್ಷಾ ಅನ್ನೋರು. ನಿಮ್ ಮಾವ ಅಡ್ಡ ನಿಂತ್ಕೊಂಡು 'ಬಿಟ್ಬುಡವ್ವ, ಬರೋ ವರ್ಷ ನೋಡಾನ' ಅನ್ನೋರು. ಅವ್ವ ಸಾಯೋಗಂಟ ಅಂಗೇ ಅಂದ್ರು. ಒಂದ್ಸಲಾನೂ ಬೇಜಾರ್ ಮಾಡ್ಕಳ್ಲಿಲ್ಲ."

ನಾನು ಮೊರ ತಂದು ಅವರು ಗುಡಿಸಿದ ಎಲೆಯನ್ನು ತುಂಬಿದೆ.

ಮಾರನೇ ವರ್ಷವೂ ಮರ ಕಾಯಿ ಬಿಡಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಅತ್ತೆ ಮಚ್ಚೆತ್ತಿದರು, ನಾನು ಅಡ್ಡ ನಿಂತೆ. "ಬಿಟ್ಬುಡತ್ತೆ, ಬರೋ ವರ್ಷ ನೋಡೋಣ" ಎಂದೆ. ಅತ್ತೆ ಮಚ್ಚು ಇಳಿಸಿ, ಸೆರಗಿನಿಂದ ನನ್ನ ಕಣ್ಣು ಒರೆಸಿದರು.

"ಈ ಸಲ ಸರಿಯಾಗಿ ಅಂದೆ ಕಣ್ಲಾ."